ಬಿಟ್ಟವರು ನೂರಾ ಎಂಬತ್ತೇಳು

ಜಾಣಿಹಾಳು ಎಂಬ ಹೆಸರಿನ ಊರಲ್ಲಿ ಪ್ರೌಢಶಾಲೆ ತೆರೆಯಬಾರದಿತ್ತು. ‘ಸರಕಾರಿ ಪ್ರೌಢಶಾಲೆ, ಜಾಣಿಹಾಳು’ ಎಂಬ ಫಲಕ ಓದಿದವರಿಗೆ ಒಳಗಿನ ಫಲಿತಾಂಶವನ್ನು ಹೊರಗೇ ಬರೆದು ತೂಗುಹಾಕಿದ ಹಾಗೆ ಕಾಣುತ್ತದೆ. ನಮ್ಮ ಕಡೆ ಹಾಳು ಅಂದರೆ ಊರು, ಹಾಳಾದದ್ದು ಅಂತಲ್ಲ ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಊರು ಇರುವುದು ಕುರುಗೋಡಿನಿಂದ ಹನ್ನೊಂದು ಕಿಲೋಮೀಟರು, ಸಿರುಗುಪ್ಪದ ದಿಕ್ಕಿಗೆ. ನಾನಲ್ಲಿ ಕನ್ನಡದ ಅತಿಥಿ ಶಿಕ್ಷಕ. ಅತಿಥಿ ಅಂದರೆ ಬರುವ ತಿಥಿ ಗೊತ್ತಿಲ್ಲದವನು ಅಂತ ಅರ್ಥ. ನನ್ನ ವಿಷಯದಲ್ಲಿ ಹೋಗುವ ತಿಥಿಯೂ ಗೊತ್ತಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತುತ್ತೇನೆ. ಕೊಳಗಲ್ಲು ದಾಟುವಷ್ಟರಲ್ಲಿ ಕಂಡಕ್ಟರನ ದನಿ, ಕುರುಗೋಡು ಬರುವಷ್ಟರಲ್ಲಿ ಡ್ರೈವರನ ಕೆಮ್ಮು ನನ್ನ ಗಂಟಲಿಗೆ ಹತ್ತಿರುತ್ತದೆ. ಕಂಡವರ ದನಿ ಕದಿಯುವ ಈ ಚಟದಿಂದ ಈವರೆಗೆ ಯಾರಿಗೂ ಒಳ್ಳೆಯದಾಗಿಲ್ಲ. ಜುಲೈ ತಿಂಗಳಲ್ಲಿ ಒಂದು ಸಲ ನೇರವಾಗಿ ಕೆಟ್ಟದ್ದೇ ಆಯಿತು.

ನಮ್ಮ ಶಾಲೆಗೆ ಒಡೆಯರು ಇಬ್ಬರು. ಹೆಡ್‌ಮಾಸ್ತರ್ ಮರಿಬಸಪ್ಪನವರ ಕೈಯಲ್ಲಿ ಸೀಲು, ಜವಾನ ಪಾಲಯ್ಯನ ಕೈಯಲ್ಲಿ ಗಂಟೆ. ಗಂಟೆ ಅಂದರೆ ಬೇವಿನ ಮರಕ್ಕೆ ತಂತಿಯಲ್ಲಿ ತೂಗಿಬಿಟ್ಟ ಒಂದು ಗೇಣುದ್ದದ ರೈಲು ಕಂಬಿ. ಅದನ್ನು ಹೊಡೆಯಲು ಒಂದು ಕಬ್ಬಿಣದ ರಾಡು. ಸೀಲು ಬೀಳದಿದ್ದರೆ ಶಾಲೆ ವಾರಗಟ್ಟಲೆ ನಡೆಯುತ್ತದೆ. ಗಂಟೆ ಬೀಳದಿದ್ದರೆ ಹತ್ತು ನಿಮಿಷ ನಡೆಯುವುದಿಲ್ಲ. ಪಾಲಯ್ಯನಿಗೆ ಇದು ಗೊತ್ತು. ಮರಿಬಸಪ್ಪನವರಿಗೂ ಗೊತ್ತು, ಆದರೆ ಅವರು ಅದನ್ನು ಬರವಣಿಗೆಯಲ್ಲಿ ಒಪ್ಪಿಕೊಂಡಿಲ್ಲ.

ಆ ಜುಲೈಯ ಒಂದು ಬುಧವಾರ ನಾಲ್ಕು ಮೂವತ್ತೈದಕ್ಕೆ ಆಫೀಸಿನ ಮೊಬೈಲು ಬಡಿದುಕೊಂಡಿತು. ಮಕ್ಕಳು ಹೋಗಿದ್ದರು, ಮಾಸ್ತರುಗಳು ಹೋಗಿದ್ದರು. ಬಸ್ಸು ತಪ್ಪಿದ್ದರಿಂದ ನಾನು ವರಾಂಡದಲ್ಲಿ ಕೂತಿದ್ದೆ. ಕೀಲಿಕೈ ಗೊಂಚಲು ಹಿಡಿದ ಪಾಲಯ್ಯ ಫೋನು ಎತ್ತಿಕೊಂಡ. ಅವನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಾನೆ. ಫೋನು ಕಿವಿಗಿಟ್ಟರೆ ಗುಟ್ಟು ಮಾತಾಡಿದ ಹಾಗಾಗುತ್ತದಂತೆ.

“ನಮಸ್ಕಾರ, ಶಾಲಾ ಮೌಲ್ಯಾಂಕನ ಘಟಕದಿಂದ ಮಾತಾಡ್ತಿದೀವಿ. ಜಾಣಿಹಾಳು ಪ್ರೌಢಶಾಲೆನಾ?” ಒಬ್ಬ ಹುಡುಗಿಯ ದನಿ. ಮೈಸೂರು ಕಡೆಯದು, ಮೂಗಿನಲ್ಲಿ ಶುರುವಾಗಿ ಜೇನಿನಲ್ಲಿ ಮುಗಿಯುತ್ತಿತ್ತು.

“ಹೌದ್ರಿ, ಜವಾನ ಪಾಲಯ್ಯ ಮಾತಾಡೋದು. ಹೇಳ್ರಿ.”

“ಒಟ್ಟು ಮಕ್ಕಳು ಎಷ್ಟು?”

“ನೂರಾ ಎಂಬತ್ತೇಳು ಅದಾರ್ರಿ.” ಬಿಸಿಯೂಟದ ತಟ್ಟೆ ಎಣಿಸುವವನು ಅವನೇ. ಅಂಕಿಯಲ್ಲಿ ತಪ್ಪಿಲ್ಲ.

“ಅದರಲ್ಲಿ ಶಾಲೆ ಬಿಟ್ಟವರು?”

ಪಾಲಯ್ಯ ಕತ್ತು ಚಾಚಿ ಖಾಲಿ ಮೈದಾನವನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಸುಳ್ಳು ಹೇಳಬಾರದಲ್ಲ.

“ಎಲ್ಲಾರೂ ಬಿಟ್ಟಾರ್ರಿ.”

“ಎಲ್ಲಾರೂ ಅಂದ್ರೆ?”

“ಎಲ್ಲಾರೂ ಅಂದ್ರ ಎಲ್ಲಾರು. ಒಂದು ಪಿಳ್ಳಿನೂ ಉಳಿದಿಲ್ಲ.”

“ಯಾವಾಗ ಬಿಟ್ಟರು?”

“ಈಗ್ಗ ಸ್ವಲ್ಪ ಮೊದ್ಲು.”

“ಇತ್ತೀಚೆಗೆ,” ಎಂದು ಅವಳು ಬಾಯಲ್ಲಿ ಹೇಳಿಕೊಳ್ಳುತ್ತ ಟೈಪು ಮಾಡಿದ್ದು ಕೇಳಿಸಿತು. “ಕಾರಣ?”

“ಕಾರಣ ಏನ್ರಿ, ನಾನು ಹೊಡದೆ, ಅವ್ರು ಬಿಟ್ರು.”

ಆ ಕಡೆ ಟೈಪು ನಿಂತಿತು. “ನೀವು… ಹೊಡೀತೀರಾ?”

“ದಿನಾ ಹೊಡಿತೀನ್ರಿ. ಮೂವತ್ತೆಲ್ಡು ವರ್ಷದಿಂದ ನಾನಾ ಹೊಡಿಯೋದು.”

“ಯಾವುದರಿಂದ?”

“ಕಬ್ಬಿಣದ ರಾಡಿಲಿಂದ. ಮೊದ್ಲು ಕಟಿಗಿ ಇತ್ತು, ಅದು ಮುರುದು ಹೋತು.”

“ಅಯ್ಯೋ ದೇವರೇ. ಹೆಡ್‌ಮಾಸ್ಟರಿಗೆ ಗೊತ್ತಾ?”

“ಅವ್ರ ಹೇಳಿ ಹೊಡಸ್ತಾರ್ರಿ! ಒಂದು ನಿಮಿಷ ತಡ ಆದ್ರ ನನ್ನ ಬೈತಾರ. ದಿನಕ್ಕ ಒಂಬತ್ತು ಸಲ. ಕಡಿಕಿನ ಸಲ ಮಾತ್ರ ಜೋರು ಹೊಡಿತೀನಿ.”

“ಮಕ್ಕಳು ಏನೂ ಅನ್ನಲ್ವಾ?”

“ಏನಂತಾರ? ಕುಣಕೊಂತ ಹೊಕ್ಕಾರ,” ಎಂದು ಪಾಲಯ್ಯ ನಕ್ಕ. ಫೋನು ಕಟ್ಟಾಯಿತು.

ಎದ್ದು ಹೋಗಿ ಫೋನು ಕಸಿದುಕೊಂಡು, ‘ಅಮ್ಮಾ, ಅವನು ಹೇಳ್ತಿರೋದು ಗಂಟೆ’ ಎಂದು ನಾನು ತಿದ್ದಬಹುದಿತ್ತು. ತಿದ್ದಲಿಲ್ಲ. ಆ ‘ಅಯ್ಯೋ ದೇವರೇ’ಯನ್ನು ನಾನು ಮನಸ್ಸಿನಲ್ಲೇ ಮೂರನೇ ಸಲ ಅಭ್ಯಾಸ ಮಾಡುತ್ತಿದ್ದೆ.

ಎಂಟು ದಿನಕ್ಕೆ ಕಾಗದ ಬಂತು. ಮರಿಬಸಪ್ಪನವರು ಅದನ್ನು ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ ಓದಿದರು. ಎರಡು ಸಲವೂ ಅದೇ ಇತ್ತು. ಒಟ್ಟು ದಾಖಲಾತಿ: 187. ಶಾಲೆ ಬಿಟ್ಟವರು: 187. ಬಿಟ್ಟ ಸಮಯ: ಇತ್ತೀಚೆಗೆ. ಕಾರಣ: ಹೊಡೆತ. ಶಾಲೆ ಬಿಡಿಸಿದವರು: ಪಾಲಯ್ಯ, ಜವಾನ. ಷರಾ: ಮಕ್ಕಳು ಶೂನ್ಯವಾದ ಕಾರಣ ಸದರಿ ಶಾಲೆಯನ್ನು ಕುರುಗೋಡಿನ ಶಾಲೆಯೊಂದಿಗೆ ವಿಲೀನಗೊಳಿಸಬಹುದು.

ಕಾಗದ ಓದುವಾಗ ಹೊರಗೆ ಎಂಟನೇ ತರಗತಿಯ ಐವತ್ತೆಂಟು ಶೂನ್ಯಗಳು ಕಬಡ್ಡಿ ಆಡುತ್ತಿದ್ದವು.

ಮರಿಬಸಪ್ಪನವರು ಸುತ್ತೋಲೆ ಓದಿ ಓದಿ ಸುತ್ತೋಲೆಯ ಹಾಗೇ ಮಾತಾಡುವವರು. “ಪಾಲಯ್ಯ, ಸದರಿ ನೀನು, ಸದರಿ ದಿನಾಂಕದಂದು, ಸದರಿ ಫೋನಿನಾಗ ಏನು ಬೊಗಳಿದಿ?”

“ಖರೇನಾ ಹೇಳೀನ್ರಿ ಸರ. ಸಾಲಿ ಬಿಟ್ಟಿತ್ತು. ಬಿಟ್ಟೈತಿ ಅಂದೆ.”

“ಅದು ಬೇರೆ ಬಿಟ್ಟೈತಿ, ಇದು ಬೇರೆ ಬಿಟ್ಟೈತಿ!”

“ಬಿಡೋದ್ರಾಗ ಎಲ್ಡು ನಮೂನಿ ಎಲ್ಲಿ ಐತ್ರಿ?”

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಕನ್ನಡದ ಮಾಸ್ತರು, ಅಂದರೆ ನಾನು. ಸಂಜೆ ಬಿಟ್ಟರೆ ಬೆಳಿಗ್ಗೆ ಬರುವ ಬಿಡುವುದು ಒಂದು, ಬಿಟ್ಟರೆ ಮತ್ತೆ ಬಾರದ ಬಿಡುವುದು ಇನ್ನೊಂದು, ಸರಕಾರಿ ಕಾಗದದಲ್ಲಿ ‘ಶಾಲೆ ಬಿಟ್ಟ ಮಗು’ ಅಂದರೆ ಎರಡನೆಯದು ಎಂದು ವಿವರಿಸಿದೆ. ಪಾಲಯ್ಯನ ಮುಖದ ನಗು ನಿಧಾನಕ್ಕೆ ಇಳಿಯಿತು.

ಮಧ್ಯಾಹ್ನ ಅವನು ನನ್ನನ್ನು ಬೇವಿನ ಮರದ ಕೆಳಗೆ ಕರೆದ. ಅವನ ಮೊಮ್ಮಗಳು ನೀಲಾವತಿ ನಮ್ಮಲ್ಲೇ ಒಂಬತ್ತನೇ ತರಗತಿ. ತರಗತಿಯಲ್ಲಿ ಮೊದಲನೆಯವಳು, ಸಂಧಿ ಬಿಡಿಸುವುದರಲ್ಲಿ ನನಗಿಂತ ಚುರುಕು. ಅವಳವ್ವ, ಪಾಲಯ್ಯನ ಸೊಸೆ ಹುಲುಗಮ್ಮನದು ಒಂದೇ ಕಾನೂನು: ಊರಲ್ಲಿ ಶಾಲೆ ಇರುವ ತನಕ ಓದು, ಊರು ದಾಟಿ ಓದುವುದಿಲ್ಲ. ಶಾಲೆಯ ಹೊತ್ತಿಗೆ ಕುರುಗೋಡಿಗೆ ಹೋಗಲು ಇರುವುದು ಬೆಳಿಗ್ಗೆ ಒಂದು ಬಸ್ಸು, ಅಲ್ಲಿಂದ ವಾಪಸ್ಸು ರಾತ್ರಿ ಏಳಕ್ಕೆ ಒಂದು.

“ಬಾಯಿಲೆ ನೂರಾ ಎಂಬತ್ತೇಳು ಮಂದಿನ್ನ ಬಿಡಿಸಿದೆ ಸರ,” ಎಂದ ಪಾಲಯ್ಯ. “ಅದು ಸುಳ್ಳು, ಅಳಸಬಹುದು. ಸಾಲಿ ಕುರುಗೋಡಿಗೆ ಹೋದ್ರ ನೀಲಿ ಒಬ್ಬಾಕಿ ಖರೇನಾ ಬಿಡ್ತಾಳ. ಅದನ್ನ ಹೆಂಗ ಅಳಸ್ಲಿ?”

ಆಗ ನನಗೆ ಆ ‘ಅಯ್ಯೋ ದೇವರೇ’ ನಿಜವಾಗಿ ಬಾಯಿಗೆ ಬಂತು, ನನ್ನದೇ ದನಿಯಲ್ಲಿ.

ಮರುದಿನ ಘಟಕಕ್ಕೆ ಫೋನು ಮಾಡಿದೆವು. ಮೇಲಿನವರ ದನಿ ಕೇಳಿದರೆ ಮರಿಬಸಪ್ಪನವರಿಗೆ ಕೆಮ್ಮು ಬಿಟ್ಟು ಬೇರೇನೂ ಹೊರಡುವುದಿಲ್ಲ. ಅದಕ್ಕೇ, “ಮಾತು ನಿಂದು, ಗಂಟಲು ನಂದು. ಹೊಡಿ,” ಎಂದು ನನಗೆ ಅಪ್ಪಣೆ ಕೊಟ್ಟರು. ಮೊದಲು ಮಿಷನ್ನು ಮಾತಾಡಿತು: “ಶಾಲೆ ಬಿಟ್ಟ ಮಕ್ಕಳಿಗಾಗಿ ಒಂದನ್ನು ಒತ್ತಿರಿ. ಈ ಆಯ್ಕೆಯನ್ನು ಬಿಡಲು ಎರಡನ್ನು ಒತ್ತಿರಿ.” ಆಮೇಲೆ ಅದೇ ಜೇನುಮೂಗಿನ ಹುಡುಗಿ.

ನಾನು ಮರಿಬಸಪ್ಪನವರ ಗಂಟಲನ್ನು ಏರಿಸಿಕೊಂಡೆ. “ಸದರಿ ಶಾಲೆಯ ಮುಖ್ಯೋಪಾಧ್ಯಾಯ ಮಾತಾಡೋದು. ಸದರಿ ಜವಾನ ಹೊಡೆಯೋದು ಗಂಟಿನ್ನ ಅಮ್ಮ, ಮಕ್ಕಳನ್ನಲ್ಲ. ಉಹ್ಹು ಉಹ್ಹು.”

“ಉಹ್ಹು ಉಹ್ಹು,” ಎಂದರು ಪಕ್ಕದಲ್ಲಿದ್ದ ಅಸಲಿ ಮರಿಬಸಪ್ಪನವರು, ತಡೆಯಲಾರದೆ.

“ಸರ್, ಎರಡು ಕೆಮ್ಮು ಕೇಳಿಸ್ತಿದೆ.”

“ಎಕೋ ಅಮ್ಮ. ರೂಮು ದೊಡ್ದೈತಿ.”

“ಎಕೋ ಮೊದಲು ಬರುತ್ತಾ ಸರ್?”

ಯಾಕೆಂದರೆ ಎರಡನೇ ಸುತ್ತಿನಲ್ಲಿ ಅಸಲಿ ಕೆಮ್ಮು ನಕಲಿಗಿಂತ ಮುಂಚೆ ಬಂದಿತ್ತು. ಹುಡುಗಿ ಒಳ್ಳೆಯವಳು, ನಕ್ಕಳು. ಆದರೆ ಒಮ್ಮೆ ಒಳಗೆ ಹೋದ ಅಂಕಿ ಹೊರಗೆ ಬರುವುದಿಲ್ಲವಂತೆ, ವಿವರಣೆಗೆ ಕಾಲಮ್ಮು ಇಲ್ಲವಂತೆ. ಮೌಲ್ಯಾಂಕನಾಧಿಕಾರಿ ಉಮಾಪತಿಯವರು ಬರುವ ಗುರುವಾರ ಖುದ್ದು ಬಂದು ನೋಡುತ್ತಾರೆ. ಅವರು ಬರೆದದ್ದೇ ಕೊನೆ.

ಗುರುವಾರ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಮರಿಬಸಪ್ಪನವರು ಮೆಟ್ಟಿಲ ಮೇಲೆ ನಿಂತು ಘೋಷಿಸಿದರು: “ಸದರಿ ಅಧಿಕಾರಿಗಳು ಬಂದು ಹೋಗೋತನಕ ಒಬ್ಬ ವಿದ್ಯಾರ್ಥಿಯೂ ಶಾಲೆ ಬಿಡಕೂಡದು. ಮತ್ತು ಬಿಡು ಅನ್ನೋ ಶಬ್ದ ಯಾರ ಬಾಯಾಗೂ ಬರಕೂಡದು. ಒಂದು ಸಲ ಆಗಿದ್ದು ಸಾಕು.”

“ಸರ, ಉಸಿರು ಬಿಡಬಹುದೇನ್ರಿ?” ಹಿಂದಿನ ಸಾಲಿನಿಂದ ಹತ್ತನೇ ತರಗತಿಯ ಹನುಮೇಶ.

“ಸದ್ದಿಲ್ದಂಗ ಬಿ… ಆಡಿಸು.”

ಒಂದು ಶಬ್ದವನ್ನು ಬಾಯಿಂದ ಹೊರಗಿಟ್ಟರೆ ಏನಾಗುತ್ತದೆ ಎಂದು ಆ ದಿನ ಗೊತ್ತಾಯಿತು. ಗಣಿತದ ಮಾಸ್ತರು ‘ಈ ಲೆಕ್ಕ ಬಿಡಿಸಿ’ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡರು. ಚಿತ್ರಕಲೆಯಲ್ಲಿ ಆನೆ ಬಿಡಿಸುವ ಹಾಗಿರಲಿಲ್ಲ. ನನ್ನ ಗತಿಯಂತೂ ಕೇಳಬೇಡಿ. ಪ್ರಶ್ನೆಪತ್ರಿಕೆಯ ಮೊದಲ ಸಾಲೇ ‘ಬಿಟ್ಟ ಸ್ಥಳ ತುಂಬಿರಿ.’ ಅದನ್ನು ‘ಗೆರೆ ಇರುವ ಕಡೆ ಏನಾದರೂ ಬರೆಯಿರಿ’ ಎಂದು ತಿದ್ದಿದೆ. ಮಕ್ಕಳು ಹಾಗೇ ಮಾಡಿದರು, ಏನಾದರೂ ಬರೆದರು.

ಪಾಲಯ್ಯ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋದ. ಗಂಟೆಯನ್ನೇ ಹೊಡೆಯಲಿಲ್ಲ. ಹೊಡೆದರೆ ಬಿಡುತ್ತಾರೆ, ಬಿಟ್ಟರೆ ಎಣಿಕೆಗೆ ಬರುತ್ತಾರೆ. ರಾಡನ್ನು ತನ್ನ ಟವಲ್ಲಿನಲ್ಲಿ ಸುತ್ತಿ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಬಿಸಿಯೂಟದ ಹೊತ್ತಿಗೆ ಪ್ರತಿ ಕಿಟಕಿಗೂ ಬಂದು ಪಿಸುಗುಟ್ಟಿದ: “ಹಸಿವಿ ಆದವ್ರು ಒಬ್ಬೊಬ್ರ ಬರ್ರಿ. ಓಡಬ್ಯಾಡ್ರಿ. ಓಡಿದ್ರ ಬಿಟ್ಟಂಗ ಕಾಣ್ತೈತಿ.”

ಉಮಾಪತಿಯವರು ಎರಡಕ್ಕೆ ಬರಬೇಕಾಗಿತ್ತು. ಅವರ ಜೀಪು ಬೆಳಿಗ್ಗೆ ಸಿರುಗುಪ್ಪ, ಆಮೇಲೆ ತೆಕ್ಕಲಕೋಟೆ ಮುಗಿಸಿ ನಮ್ಮಲ್ಲಿಗೆ ಬರುವಾಗ ನಾಲ್ಕೂ ಕಾಲು. ದಪ್ಪನೆಯ ಮನುಷ್ಯ, ಕೈಯಲ್ಲಿ ಪಟ್ಟಿ, ಕಿವಿಯ ಹಿಂದೆ ಪೆನ್ನು. ಚಾಮರಾಜನಗರ ಕಡೆಯವರು, ಬಳ್ಳಾರಿಗೆ ವರ್ಗವಾಗಿ ಮೂರೇ ತಿಂಗಳು. ಇಳಿಯುತ್ತಲೇ ಫಲಕ ಓದಿ “ಜಾಣಿ… ಹಾಳು,” ಎಂದು ನಡುವೆ ಉಸಿರು ತೆಗೆದುಕೊಂಡರು.

ನಾನು ಮುಂದೆ ಹೋಗಿ ‘ಫೋನಿನಲ್ಲಿ ತಪ್ಪಾಗಿದೆ ಸರ್’ ಎಂದು ಶುರುಮಾಡಿದೆ. ಅವರು ಕೈ ಎತ್ತಿದರು.

“ನೋಡಿ ಮೇಷ್ಟ್ರೇ, ಈ ವಾರ ನಾನು ನೋಡಿದ್ದು ಹದಿನಾಲ್ಕು ಸ್ಕೂಲು. ಹದಿನಾಲ್ಕು ಕಡೇನೂ ‘ಫೋನಲ್ಲಿ ತಪ್ಪಾಗಿದೆ’ ಅಂದ್ರು. ಒಂದು ಕಡೆ ಪಕ್ಕದೂರಿಂದ ಟ್ರ್ಯಾಕ್ಟರಲ್ಲಿ ಮಕ್ಕಳನ್ನ ತಂದು ಕೂರಿಸಿದ್ರು. ಒಬ್ಬ ಹುಡುಗನ್ನ ‘ನಿಮ್ಮ ಮೇಷ್ಟ್ರ ಹೆಸರೇನಪ್ಪ’ ಅಂದ್ರೆ ‘ಇವತ್ತಿನ ಮೇಷ್ಟ್ರದಾ?’ ಅಂದ. ನೀವು ಏನೂ ಹೇಳಬೇಡಿ. ನಾನೇ ನೋಡ್ತೀನಿ.”

ಹತ್ತನೇ ತರಗತಿಗೆ ಹೋದರು. ಬೋರ್ಡಿನ ಮೇಲೆ ತಾವೇ ಒಂದು ಸಮೀಕರಣ ಬರೆದು ಹನುಮೇಶನ ಕಡೆ ಬೆರಳು ಮಾಡಿದರು. “ಬಾರಪ್ಪ, ಇದನ್ನ ಬಿಡಿಸು.”

ಹನುಮೇಶ ಎದ್ದು ನಿಂತ. ಅಲುಗಾಡಲಿಲ್ಲ. “ಇವತ್ತು ಆಗಂಗಿಲ್ರಿ ಸರ.”

“ಬರಲ್ವಾ?”

“ಬರ್ತೈತ್ರಿ. ಅದನ್ನ ಮಾತ್ರ ಮಾಡಂಗಿಲ್ಲ ಅಂತ ಆರ್ಡರ್ ಐತ್ರಿ.”

“ಲೆಕ್ಕ ಮಾಡಬಾರದು ಅಂತ ಆರ್ಡರಾ!”

“ಮಾಡಬಹುದ್ರಿ! ಮಾಡ್ಲಾ?” ಎಂದು ಅವನು ಓಡಿಬಂದು ನಾಲ್ಕೇ ಸಾಲಿನಲ್ಲಿ ಉತ್ತರ ಇಳಿಸಿದ. ಉತ್ತರ ಸರಿ ಇತ್ತು. ಉಮಾಪತಿಯವರು ಪಟ್ಟಿಯಲ್ಲಿ ಏನೋ ಬರೆದು, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಒಂಬತ್ತನೆಯದರಲ್ಲಿ ಹೆಸರು ಕೂಗಿದರು. ಎಲ್ಲವೂ ಹಾಜರ್. ನೀಲಾವತಿಯ ಹತ್ತಿರ ನಿಂತರು. ಪಾಲಯ್ಯ ಕಿಟಕಿಯ ಸರಳು ಹಿಡಿದು ನಿಂತಿದ್ದ.

“ನೀನು ಈ ಸ್ಕೂಲಿನವಳೇನಮ್ಮ?”

“ಹೌದ್ರಿ ಸರ.”

“ನಾಳೆನೂ ಬರ್ತೀಯಾ?”

“ಸಾಲಿ ಇದ್ರ ಬರ್ತೀನ್ರಿ.”

ಅವಳು ಹೇಳಿದ್ದು ಸುಮ್ಮನೆ. ಆದರೆ ಕಿಟಕಿಯಲ್ಲಿದ್ದ ಮುಖ ಅಲ್ಲಿಂದ ಸರಿದುಹೋಯಿತು.

ನಾಲ್ಕೂವರೆಯಾಯಿತು. ಗಂಟೆಯಿಲ್ಲ. ನಾಲ್ಕೂ ಮುಕ್ಕಾಲು. ಐದು. ನೂರಾ ಎಂಬತ್ತೇಳು ಮಕ್ಕಳು ಬೆಂಚಿಗೆ ಮೊಳೆ ಹೊಡೆದ ಹಾಗೆ ಕೂತಿದ್ದರು. ಮರಿಬಸಪ್ಪನವರು ಅಭಿಮಾನದಿಂದ ನೋಡುತ್ತಿದ್ದರು. ಆದರೆ ಉಮಾಪತಿಯವರ ಹುಬ್ಬು ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಮೆಟ್ಟಿಲು ಏರುತ್ತಿತ್ತು. ಐದೂ ಹತ್ತಕ್ಕೆ ಪಟ್ಟಿ ಮಡಚಿದರು.

“ಸಾಕು ಮೇಷ್ಟ್ರೇ, ಗೊತ್ತಾಯ್ತು. ಇವರು ಬಾಡಿಗೆ ಮಕ್ಕಳು.”

“ಉಹ್ಹು?” ಎಂದರು ಮರಿಬಸಪ್ಪನವರು.

“ನಾನೂ ಸರಕಾರಿ ಸ್ಕೂಲಲ್ಲೇ ಓದಿದೋನು. ನಿಜವಾದ ಮಕ್ಕಳಾಗಿದ್ರೆ ನಾಲ್ಕೂವರೆಗೆ ಒಂದು ನಿಮಿಷ ಮುಂಚೆನೇ ಚೀಲ ಕಟ್ಟಿರ್ತಿದ್ರು. ಐದೂ ಹತ್ತಾದ್ರೂ ಯಾವನೂ ಗಡಿಯಾರ ನೋಡ್ತಿಲ್ಲ! ಈ ಭೂಮಿ ಮೇಲೆ ಇಂಥ ಮಕ್ಕಳಿಲ್ಲ.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಗೇಟಿನಲ್ಲಿ ಗಲಾಟೆ. ಮಕ್ಕಳು ಮನೆಗೆ ಬಂದಿಲ್ಲವೆಂದು ತಾಯಂದಿರು ಬಂದಿದ್ದರು. ಮುಂದೆ ಹುಲುಗಮ್ಮ, ಸೊಂಟಕ್ಕೆ ಸೆರಗು ಸಿಕ್ಕಿಸಿ. ತವರು ಆದೋನಿ ಕಡೆಯಾದ್ದರಿಂದ ಸಿಟ್ಟು ಬಂದರೆ ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಾಳೆ.

“ಏಮಯ್ಯಾ ಇದಿ! ಐದು ಹೊಡದು ಎಷ್ಟೊತ್ತಾತು, ನಮ್ಮ ಹುಡುಗಿನ್ನ ಸಾಲಿ ಬಿಡಸ್ತೀರೋ ಇಲ್ಲೋ?”

ಉಮಾಪತಿಯವರು ಬೆಚ್ಚಿದರು. “ಅಮ್ಮಾ, ನೀವೇ ಮಗಳನ್ನ ಶಾಲೆ ಬಿಡಿಸ್ತೀರಾ?”

“ನಾನ್ಯಾಕ ಬಿಡಿಸ್ಲಿ? ನಮ್ಮ ಮಾವ ಬಿಡಿಸ್ತಾನ. ದಿನಾ ಅವ್ನ ಬಿಡಿಸೋದು. ಇವತ್ತೊಂದಿನ ಯಾಕೋ ಕೈ ಹಿಡದೈತಿ ಅವ್ನಿಗೆ. ಲೇ ಮಾವಾ! ಹೊಡಿ ಒಂದು!”

“ಹೊಡಿ, ಹೊಡಿ,” ಎಂದು ಹಿಂದಿನ ತಾಯಂದಿರೂ ದನಿಗೂಡಿಸಿದರು. “ಜೋರು ಹೊಡಿ ಪಾಲಯ್ಯ, ಹೊತ್ತಾತು.”

ಊರಿಗೆ ಊರೇ ಮಕ್ಕಳನ್ನು ಹೊಡೆಸುತ್ತದೆ ಎಂದು ಉಮಾಪತಿಯವರು ಪಟ್ಟಿ ಬಿಚ್ಚಿ ಬರೆಯತೊಡಗಿದರು. ಪಾಲಯ್ಯ ಅವರ ಮುಂದೆ ಬಂದು ನಿಂತ. ಗಟ್ಟಿ ಆಳು. ಬೀರುವಿನ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದಿದ್ದ.

“ಸಾಹೇಬ್ರ, ಮೊದ್ಲು ನೀವು ಸೊನ್ನಿ ಬರೀರಿ. ಬಿಟ್ಟವ್ರು ಸೊನ್ನಿ ಅಂತ. ಬರದ ಮ್ಯಾಲ ಹೊಡಿತೀನಿ. ಬರೀಲಿಲ್ಲಂದ್ರ ರಾತ್ರಿ ಆದ್ರೂ ನಾ ಹೊಡಿಯಂಗಿಲ್ಲ.”

“ನನ್ನನ್ನೇ ಹೆದರಿಸ್ತೀಯೇನಯ್ಯಾ?” ಉಮಾಪತಿಯವರು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ತಾವು ಅಧಿಕಾರಿ ಎಂಬುದು ನೆನಪಾಗಿ ಒಂದು ಹೆಜ್ಜೆ ಮುಂದೆ ಬಂದರು. “ಎಲ್ಲಿ ಆ ರಾಡು? ತಗೊಂಬಾ. ಅದನ್ನ ಜಪ್ತಿ ಮಾಡ್ತೀನಿ.”

ಪಾಲಯ್ಯ ಬೀರು ತೆಗೆದು ಟವಲ್ಲಿನ ಗಂಟು ತಂದು ಕೊಟ್ಟ. ಉಮಾಪತಿಯವರು ಬಿಚ್ಚಿ, ರಾಡನ್ನು ಎರಡೂ ಕೈಯಲ್ಲಿ ತೂಗಿದರು. ಭಾರಕ್ಕೆ ಮುಖ ಕಪ್ಪಿಟ್ಟಿತು.

“ಇದರಿಂದ ಹೊಡೀತೀಯಾ? ಎಲ್ಲಿಗೆ ಹೊಡೀತೀಯಾ? ತೋರಿಸು.”

“ಅಲ್ಲಿಗ್ರಿ,” ಎಂದು ಪಾಲಯ್ಯ ಬೇವಿನ ಮರದ ಕಡೆ ಕೈ ತೋರಿದ.

“ಮರಕ್ಕೆ ಕಟ್ಟಿ ಹೊಡೀತೀಯಾ!”

“ಕಟ್ಟೇ ಐತ್ರಿ. ಮೂವತ್ತೆಲ್ಡು ವರ್ಷದಿಂದ ಕಟ್ಟೈತಿ.”

ಉಮಾಪತಿಯವರು ದಾಪುಗಾಲಿಟ್ಟು ಮರದ ಹತ್ತಿರ ಹೋದರು. ಅಲ್ಲಿ ಮಗುವಿರಲಿಲ್ಲ, ರೈಲು ಕಂಬಿ ತೂಗುತ್ತಿತ್ತು. ಅದನ್ನು ಮೇಲಿನಿಂದ ಕೆಳಗೆ ನೋಡಿದರು. ರಾಡನ್ನು ನೋಡಿದರು. ಮತ್ತೆ ಕಂಬಿಯನ್ನು ನೋಡಿದರು. ಅವರ ಹುಬ್ಬು ಒಂದೊಂದೇ ಮೆಟ್ಟಿಲು ಇಳಿಯಿತು. ಅರ್ಥವಾಗುತ್ತಿತ್ತು ಅನ್ನಿಸುತ್ತದೆ, ಆದರೆ ಕಣ್ಣಾರೆ ನೋಡುತ್ತೇನೆ ಎಂದು ಬಂದ ಮನುಷ್ಯ; ಪರೀಕ್ಷೆ ಮಾಡದೆ ಹೇಗೆ ಒಪ್ಪುತ್ತಾರೆ? ರಾಡು ಎತ್ತಿ ಒಂದು ಏಟು ಕೊಟ್ಟರು.

ಠಣ್.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಟ್ಟಡದೊಳಗೆ ಎಲ್ಲೋ ಒಂದು ಬೆಂಚು ಬಿತ್ತು.

“ಸಾಲಿ ಬಿಡ್ತೋ!”

ಕೂಗಿದವನು ಹನುಮೇಶ. ಆಮೇಲೆ ಕೂಗಿದವರು ಎಲ್ಲರೂ. ಮೂರು ಬಾಗಿಲಿನಿಂದಲೂ ಒಟ್ಟಿಗೆ ನುಗ್ಗಿದರು. ಬೆಳಗಿನಿಂದ ಹಿಡಿದಿಟ್ಟ ಬಿಡು, ಬಿಡಿಸು, ಬಿಟ್ಟ, ಬಿಡುವು ಎಲ್ಲಾ ಒಂದೇ ಉಸಿರಿನಲ್ಲಿ ಹೊರಬಿತ್ತು. “ಬಿಡ್ತೋ! ಬಿಟ್ಟೈತೋ! ದಾರಿ ಬಿಡ್ರೋ!” ಚೀಲಗಳು ಹಾರಿದವು. ಕಂಪೌಂಡಿನ ಮುರಿದ ಜಾಗ ಯಾವುದು, ಯಾವ ಸೈಕಲ್ಲಿನ ಚೈನು ಯಾವ ಕಡೆ ಬೀಳುತ್ತದೆ, ಗೇಟಿನ ಯಾವ ಪಟ್ಟಿ ತಲೆಗೆ ತಾಗುತ್ತದೆ, ಯಾರೂ ನೋಡಿ ಓಡಲಿಲ್ಲ, ಕಾಲಿಗೇ ಗೊತ್ತಿತ್ತು. ಒಂಬತ್ತನೇ ತರಗತಿಯ ಹುಡುಗಿಯರು ಸರಿಯಾಗಿ ಎಡಕ್ಕೆ ಬಗ್ಗಿ, ಉಮಾಪತಿಯವರನ್ನು ಮರವೆಂದೇ ತಿಳಿದು ಸುತ್ತುವರಿದು ಹೋದರು. ನೀಲಾವತಿ ಅವ್ವನ ಕೈಗೆ ಚೀಲ ಎಸೆದು, ನಿಲ್ಲದೆ ಮುಂದೆ ಓಡಿದಳು. ಅರ್ಧ ನಿಮಿಷ. ಆಮೇಲೆ ಮೈದಾನದಲ್ಲಿ ಧೂಳು, ಒಂದು ಒಂಟಿ ಚಪ್ಪಲಿ, ಮತ್ತು ಧೂಳಿನೊಳಗೆ ರಾಡು ಹಿಡಿದ ಮೌಲ್ಯಾಂಕನಾಧಿಕಾರಿ.

ಧೂಳು ಕೂತ ಮೇಲೆ ಅವರು ಕಿವಿಯ ಹಿಂದಿನ ಪೆನ್ನು ಹುಡುಕಿದರು.

“ಈ ಸ್ಕೂಲಿನ ಮಕ್ಕಳೇ,” ಎಂದರು ಮೆಲ್ಲಗೆ. “ಸ್ಕೂಲನ್ನ ಇಷ್ಟು ಚೆನ್ನಾಗಿ ಬಿಡೋದು, ದಿನಾ ಬಂದು ಬಿಟ್ಟವರಿಗೆ ಮಾತ್ರ ಸಾಧ್ಯ.”

“ಹಂಗಾರ ಸೊನ್ನಿ ಬರೀತೀರಾ?” ಪಾಲಯ್ಯ ಕೇಳಿದ.

“ಅಂಕಿ ತಿದ್ದೋಕೆ ಆಗಲ್ಲ ಕಣಪ್ಪ. ಷರಾ ಬರೀತೀನಿ.” ಜೀಪಿನ ಬಾನೆಟ್ಟಿನ ಮೇಲೆ ಪಟ್ಟಿ ಇಟ್ಟು ಬರೆದರು. ನಾನು ಅವರ ಭುಜದ ಮೇಲಿನಿಂದ ಇಣುಕಿದೆ. ‘ಶಾಲೆ ಬಿಟ್ಟವರು: 187. ಪರಿಶೀಲಿಸಲಾಗಿ ಸತ್ಯ. ಮರಳಿ ಬರುವ ಸಮಯ: ನಾಳೆ ಬೆಳಿಗ್ಗೆ ಹತ್ತು. ಗಣಿತ: ಉತ್ತಮ. ಓಟ: ಅತ್ಯುತ್ತಮ.’

ಪಾಲಯ್ಯ ಓದು ಬಾರದವನಲ್ಲ. ಬೆರಳಿಟ್ಟು ಓದುತ್ತ ಒಂದು ಸಾಲಿಗೆ ನಿಂತ. “ಸಾಹೇಬ್ರ, ಇಲ್ಲಿ ‘ಶಾಲೆ ಬಿಡಿಸಿದವರು’ ಅನ್ನೋ ಕಡೆ ನನ್ನ ಹೆಸರು ಐತಿ. ಖರೇ ಬರೀಬೇಕಲ್ರಿ. ಇವತ್ತು ಬಿಡಿಸಿದವ್ರು ನೀವಾ.”

ಉಮಾಪತಿಯವರು ಅವನನ್ನು ನೋಡಿದರು, ಕೈಯಲ್ಲಿದ್ದ ರಾಡನ್ನು ನೋಡಿದರು. ಪಾಲಯ್ಯನ ಹೆಸರು ಹೊಡೆದುಹಾಕಿ ‘ಉಮಾಪತಿ, ಮೌಲ್ಯಾಂಕನಾಧಿಕಾರಿ’ ಎಂದು ಬರೆದು, ಕೆಳಗೆ ಸಹಿ ಮಾಡಿದರು. ಮರಿಬಸಪ್ಪನವರು ಓಡಿಹೋಗಿ ಸೀಲು ತಂದು ಒತ್ತಿದರು. ರಾಡು ಜಪ್ತಿಯಾಗಲಿಲ್ಲ.

ಮೂರು ವಾರದ ಮೇಲೆ ಮತ್ತೊಂದು ಕಾಗದ. ಮರಿಬಸಪ್ಪನವರು ಜೋರಾಗಿ ಓದಿದರು: “ಸದರಿ ಶಾಲೆಯನ್ನು ವಿಲೀನ ಪಟ್ಟಿಯಿಂದ ಕೈಬಿಡಲಾಗಿದೆ.”

ಪಾಲಯ್ಯ ಅಲ್ಲೇ ನೆಲಕ್ಕೆ ಕೂತ. “ಕೈಬಿಟ್ರಾ? ಅಷ್ಟು ಮಾಡಿನೂ ಕೈಬಿಟ್ರಾ?”

ಮತ್ತೆ ಕನ್ನಡದ ಮಾಸ್ತರಿಗೆ ಕೆಲಸ ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಜರಿ ಪುಸ್ತಕ ಕೊಡಲು ಬಂದಿದ್ದ ನೀಲಾವತಿ ಕಾಗದ ಇಸಕೊಂಡು ಓದಿದಳು.

“ತಾತ, ನಮ್ಮನ್ನ ಕೈಬಿಟ್ಟಿಲ್ಲ. ಕುರುಗೋಡಿಗೆ ಕಳಸೋದನ್ನ ಕೈಬಿಟ್ಟಾರ. ಸಾಲಿ ಇಲ್ಲೇ ಇರ್ತೈತಿ.”

“ಬಿಟ್ಟಿದ್ದು ಒಳ್ಳೇದೇನು ಇದು?”

“ಇದು ಒಳ್ಳೇ ಬಿಟ್ಟಿದ್ದು.”

ಪಾಲಯ್ಯ ಟವಲ್ಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಆಮೇಲೆ ಗೋಡೆಯ ಗಡಿಯಾರ ನೋಡಿ ಎದ್ದು, ರಾಡು ಹಿಡಿದು ಮರದ ಹತ್ತಿರ ಹೋಗಿ ಹೊಡೆದ. ಆ ದಿನದಷ್ಟು ಜೋರಾಗಿ ಅವನು ಯಾವತ್ತೂ ಹೊಡೆದಿರಲಿಲ್ಲ. ಮೈದಾನ ತುಂಬಿತು, ಖಾಲಿಯಾಯಿತು.

ಅವನು ಕೊನೆಯ ಕೋಣೆಗೆ ಬೀಗ ಹಾಕುತ್ತಿದ್ದಾಗ ಆಫೀಸಿನೊಳಗೆ ಮೊಬೈಲು ಬಡಿದುಕೊಂಡಿತು. ನಾಲ್ಕು ಮೂವತ್ತೈದು. ನಾನು ಅವನ ಮುಖ ನೋಡಿದೆ. ಅವನು ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

“ಬಿಡ್ರಿ ಸರ,” ಎಂದ.